ಅವ್ವನಿಗೆ ತೋರಿಸಬೇಕೆಂದಿದ್ದ ಬೆಳಕು

ಪೈಪು ಬಾಗಿದ್ದನ್ನು ಮೊದಲು ಕಂಡವಳು ನಾನು. ಇಷ್ಟು ವರ್ಷಗಳಾದರೂ ಅದು ಬಾಗುತ್ತಲೇ ಇದೆ. ಸಿರುಗುಪ್ಪದ ರಸ್ತೆಯಲ್ಲಿ ಬಸ್ಸಿನ ಕಿಟಕಿಗೆ ತಲೆ ಕೊಟ್ಟು ಕುಳಿತಾಗ ಕರೆಂಟಿನ ಕಂಬಗಳು ಒಂದೊಂದಾಗಿ ಹಿಂದೆ ಸರಿಯುತ್ತವೆ. ಪ್ರತಿ ಕಂಬದ ಬಳಿಯೂ ನನ್ನ ಕೈ ತಾನಾಗಿ ಮುಷ್ಟಿಯಾಗುತ್ತದೆ, ಹಗ್ಗ ಹಿಡಿದಂತೆ. ಯಾರದೋ ಮಾಳಿಗೆಯ ಮೇಲೆ ಯಾರೋ ಉದ್ದನೆಯ ಗಳ ಎತ್ತುತ್ತಿದ್ದರೆ, ಪರಿಚಯವಿಲ್ಲದಿದ್ದರೂ ಬೀದಿಯಲ್ಲಿ ನಿಂತು ಕೂಗುತ್ತೇನೆ. ಜನ ವಿಚಿತ್ರವಾಗಿ ನೋಡುತ್ತಾರೆ. ನೋಡಲಿ.

ಆ ಪೈಪು ಹಿಡಿದಿದ್ದವನು ನನ್ನ ಅಣ್ಣ. ಬಳ್ಳಾರಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕನಾಗಿದ್ದ. ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಬಿಟ್ಟಿರಲು ಒಪ್ಪದೆ ದಿನವೂ ಕುರುಗೋಡಿನಿಂದ ಬಳ್ಳಾರಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದ. ನಾನು ಬಿ.ಎಸ್ಸಿ. ಮುಗಿಸಿ ಸಿರುಗುಪ್ಪದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ. ಶನಿವಾರ ಊರಿಗೆ ಬರುತ್ತಿದ್ದೆ. ಅಣ್ಣನಿಗೆ ಹೆಣ್ಣು ನೋಡುವ ಕೆಲಸ ನಡೆದಿತ್ತು. ಅವನು ಒಬ್ಬೊಬ್ಬರಿಗೂ ಒಂದೊಂದು ನೆಪ ಹೇಳಿ ಮುಂದೂಡುತ್ತಿದ್ದ. ಅವನ ತಲೆ ತುಂಬ ಬೇರೆಯದೇ ಇತ್ತು.

ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ಹತ್ತಿದ ಹುಚ್ಚು ಅದು. ಆಕಾಶದ ಎಲ್ಲ ದಿಕ್ಕಿನಿಂದಲೂ, ಹಗಲೂ ರಾತ್ರಿಯೂ, ತೀರ ಕ್ಷೀಣವಾದ ಒಂದು ವಿಕಿರಣ ನಮ್ಮ ಮೇಲೆ ಬೀಳುತ್ತಿದೆ. ಅದು ಯಾವ ನಕ್ಷತ್ರದ್ದೂ ಅಲ್ಲ, ವಿಶ್ವವೇ ಕಾದ ಬೆಂಕಿಯಂತಿದ್ದ ಕಾಲದ್ದು. ವಿಶ್ವದ ಹಿನ್ನೆಲೆ ವಿಕಿರಣ ಎಂದು ನಾವೀಗ ಪುಸ್ತಕದಲ್ಲಿ ಬರೆಯುತ್ತೇವೆ. ಅಣ್ಣ ಹಾಗೆ ಹೇಳುತ್ತಿರಲಿಲ್ಲ. 'ಹಳೇ ಬೆಳಕು' ಅನ್ನುತ್ತಿದ್ದ, ಮನೆಯ ಹಿರಿಯರೊಬ್ಬರ ಹೆಸರು ಹೇಳುವಂತೆ. ಅರವತ್ತರ ದಶಕದಲ್ಲಿ ಅಮೆರಿಕದ ಇಬ್ಬರಿಗೆ ಅದು ಅಕಸ್ಮಾತ್ತಾಗಿ ಸಿಕ್ಕಿತಂತೆ. ಅವರ ದೊಡ್ಡ ಆಂಟೆನಾದಲ್ಲಿ ಯಾವ ಕಡೆ ತಿರುಗಿಸಿದರೂ ಹೋಗದ ಒಂದು ಗೊರಗೊರ ಸದ್ದು. ಒಳಗೆ ಗೂಡು ಕಟ್ಟಿದ್ದ ಪಾರಿವಾಳಗಳದ್ದೇ ಕಾಟ ಎಂದು ಅವನ್ನು ಓಡಿಸಿ, ಹಿಕ್ಕೆ ತೊಳೆದು, ಮತ್ತೆ ಕೇಳಿದರೂ ಸದ್ದು ಹೋಗಲಿಲ್ಲ. ಈ ಕಥೆಯನ್ನು ಅಣ್ಣ ಎಷ್ಟು ಸಲ ಹೇಳಿದರೂ ಅವ್ವ ಪಾರಿವಾಳಗಳ ಕಡೆಗೇ ಇರುತ್ತಿದ್ದಳು. "ಪಾಪ, ಮರಿ ಇದ್ದುವೇನೋ," ಅನ್ನುತ್ತಿದ್ದಳು.

ನಮ್ಮ ಮನೆಯ ಹಿಂದೆ ಗುಡ್ಡದ ಬುಡದಲ್ಲಿ ಅಗಲವಾದೊಂದು ಬಂಡೆ. ನಮ್ಮ ಕಡೆಯ ಬೇಸಿಗೆ ಗೊತ್ತಿದ್ದವರಿಗೆ ಆ ಬಂಡೆಗಳೂ ಗೊತ್ತು; ಹೊತ್ತು ಮುಳುಗಿ ಎಷ್ಟೋ ಹೊತ್ತಾದರೂ ಕಾವು ಬಿಡುತ್ತಲೇ ಇರುತ್ತವೆ. ಒಂದು ಸಂಜೆ ಅಣ್ಣ ಅವ್ವನ ಕೈ ಹಿಡಿದು ಅದರ ಮೇಲೆ ಇರಿಸಿದ.

"ಬೆಚ್ಚಗೈತಿ ಹೌದಿಲ್ಲವ್ವಾ? ಇವತ್ತಿನ ಬಿಸಿಲು ಕಾಣದವ ಈಗ ಬಂದು ಈ ಕಲ್ಲು ಮುಟ್ಟಿದರೂ, ಹಗಲು ಎಷ್ಟು ಕಾದಿತ್ತಂತ ಹೇಳಬೌದು."

"ಅದಕ್ಕ ಎಮ್ಮೆಸ್ಸಿ ಓದಬೇಕೇನೋ? ಒಲಿಮ್ಯಾಲ ಕೈಯಿಟ್ಟು ನಾನೂ ಹೇಳ್ತೀನಿ, ರೊಟ್ಟಿ ಬಡದು ಎಷ್ಟೊತ್ತಾತಂತ."

ಅಣ್ಣ ಎದ್ದು ನಿಂತ. "ಅದ! ಅದ ನೋಡು! ಆಕಾಶೆಲ್ಲಾ ಒಂದು ಆರಿದ ಒಲಿ ಅನ್ಕೋ. ಎಷ್ಟು ತಣ್ಣಗಾಗೈತಿ ಅಂತ ಅಳದ್ರ, ಯಾವಾಗ ಉರೀತಿತ್ತು, ಅಲ್ಲಿಂದ ಇಲ್ಲೀಮಟ ಏನೇನಾತು, ಎಲ್ಲಾ ಹಿಂದಕ್ಕ ಲೆಕ್ಕ ಹಾಕ್ಕೋತ ಹೋಗಬೌದು."

"ಒಲಿ ಹಚ್ಚಿದವ್ರು ಯಾರಪಾ?"

"ಅದು ಗೊತ್ತಿಲ್ಲವ್ವ."

"ಹಂಗಾರ ಅರ್ಧಾನೇ ಓದೀದಿ ಬಿಡು."

ನನಗೆ ಅವನು ಇನ್ನೂ ವಿವರವಾಗಿ ಹೇಳುತ್ತಿದ್ದ. ಮೊದಮೊದಲು ಎಲ್ಲವೂ ಎಷ್ಟು ಕಾದಿತ್ತೆಂದರೆ ಬೆಳಕಿಗೆ ದಾರಿಯೇ ಇರಲಿಲ್ಲ, ದಟ್ಟ ಮಂಜಿನಲ್ಲಿ ಸಿಕ್ಕಿಕೊಂಡ ಹಾಗೆ ಅಲ್ಲಲ್ಲೇ ತಡವರಿಸುತ್ತಿತ್ತು. ತಣ್ಣಗಾಗುತ್ತ ಬಂದಂತೆ ಮಂಜು ಹರಿಯಿತು, ಬೆಳಕು ಬಿಡುಗಡೆಯಾಯಿತು. ಅಂದು ಹೊರಟದ್ದು ಇನ್ನೂ ಬರುತ್ತಲೇ ಇದೆ. ವಿಶ್ವ ಹಿಗ್ಗಿದಂತೆ ಅದರ ಅಲೆಗಳೂ ಹಿಗ್ಗಿ, ಈಗ ಇರಬಹುದಾದ ಕಡೆಯ ತಂಪಿಗಿಂತ ಮೂರು ಡಿಗ್ರಿಯಷ್ಟೇ ಮೇಲಿದೆ. ಎಲ್ಲ ದಿಕ್ಕಿನಿಂದಲೂ ಒಂದೇ ಸಮ ಬರುವುದರಿಂದ, ಒಂದು ಕಾಲಕ್ಕೆ ಎಲ್ಲವೂ ಕೂಡಿಯೇ ಇತ್ತು ಎನ್ನಬೇಕು. ಆದರೆ ಪೂರ್ತಿ ಒಂದೇ ಸಮವಾಗಿದ್ದರೆ ನಕ್ಷತ್ರಗಳು ಹೇಗೆ ಹುಟ್ಟಿದವು, ನಾವು ಹೇಗೆ ಹುಟ್ಟಿದೆವು? ಎಲ್ಲೋ ಕೂದಲೆಳೆಯಷ್ಟಾದರೂ ಏರುಪೇರು ಇರಲೇಬೇಕು. ಆಗಿನ್ನೂ ಅದು ಯಾರಿಗೂ ಸಿಕ್ಕಿರಲಿಲ್ಲ. "ಸಿಗ್ತೈತಿ. ಸಿಗದಿದ್ರ ನೀನೂ ಇಲ್ಲ, ನಾನೂ ಇಲ್ಲ," ಅನ್ನುತ್ತಿದ್ದ, ತುಸು ಗಾಬರಿಯಿಂದಲೇ.

ಅವನ ಬಲಗೈಯ ಬಗ್ಗೆ ಇಲ್ಲಿ ಹೇಳಬೇಕು. ಅದು ಬಹಳ ಚಂದದ ಕೈ. ಉದ್ದನೆಯ ಬೆರಳು, ಹೆಬ್ಬೆರಳ ಬುಡದಲ್ಲಿ ಬೆಸುಗೆ ಹಾಕುವಾಗ ಸುಟ್ಟುಕೊಂಡ ಕಲೆ. ಕಾಲೇಜಿನ ಹುಡುಗರನ್ನು ಕೂಡಿಸಿಕೊಂಡು ಎಣ್ಣೆ ಡಬ್ಬಗಳ ತಗಡು ಬಡಿದು ಹಿಗ್ಗಲಿಸಿ, ದೊಡ್ಡ ಕಹಳೆಯಂಥದೊಂದು ಆಂಟೆನಾ ಮಾಡಿದ್ದ. ಗುಜರಿಯಿಂದ ತಂದ ಬಿಡಿಭಾಗಗಳನ್ನೆಲ್ಲ ತಾನೇ ಬೆಸೆದ. ಕಾಲೇಜಿನ ತಾರಸಿಯ ಮೇಲಿಂದ ಅದರ ಬಾಯಿಯನ್ನು ಮೊದಲು ಬಳ್ಳಾರಿಯ ಕೋಟೆ ಗುಡ್ಡದ ಕಡೆ ತಿರುಗಿಸಿ, ಆಮೇಲೆ ಬರಿಯ ಆಕಾಶದ ಕಡೆ ತಿರುಗಿಸಿದ. ಬಿಸಿ ಗುಡ್ಡದಿಂದ ತಣ್ಣನೆಯ ಆಕಾಶಕ್ಕೆ ಬಂದಾಗ ಮೀಟರಿನ ಮುಳ್ಳು ಇಳಿಯಿತು ಅಂತ ಅವನು. ಅಲ್ಲೇ ಇತ್ತು ಅಂತ ಹುಡುಗರು. ಮೂರು ಡಿಗ್ರಿಯನ್ನು ಅಳೆಯುವ ಸಲಕರಣೆ ನಮ್ಮಂಥವರ ಕೈಗೆ ಬರುವಂಥದ್ದಲ್ಲ ಎಂದು ಅವನಿಗೂ ಗೊತ್ತಿತ್ತು. ಆದರೂ ಆ ಸಂಜೆ ಬಸ್ಸಿಳಿದು ಬರುವಾಗ ಅವನ ನಡಿಗೆಯೇ ಬೇರೆಯಾಗಿತ್ತು.

ಎಂಬತ್ತರ ದಶಕದ ನಡುವೆ ನಮ್ಮ ಕಡೆ ಟೀವಿ ಬಂತು. ಆ ಬೇಸಿಗೆಯಲ್ಲಿ ಅಣ್ಣ ಒಂದು ಟೀವಿ ತಂದ; ನಮ್ಮ ಓಣಿಗೆ ಅದೇ ಮೊದಲನೆಯದು. ಚಿತ್ರವಿಲ್ಲದಾಗ ಪರದೆಯ ಮೇಲೆ ಮಿಜಿಗುಡುವ ಬಿಳಿ ಚುಕ್ಕಿಗಳಲ್ಲಿ ನೂರರಲ್ಲೊಂದು ಪಾಲು ಹಳೇ ಬೆಳಕಿನದ್ದು ಎಂದು ಅವನು ಓದಿದ್ದ. ತಗಡಿನ ಕಹಳೆಯಲ್ಲಿ ಕಾಣದ್ದನ್ನು ಅವ್ವನಿಗೆ ಹೀಗಾದರೂ ತೋರಿಸಬೇಕೆಂದುಕೊಂಡ. ನನಗೆ ಅದು ಸ್ವಲ್ಪ ಹುಡುಗಾಟ ಅನ್ನಿಸಿತ್ತು. ಅವನಿಗೆ ಅಲ್ಲ.

"ಆಂಟೆನಾ ಇಲ್ಲದ ನೋಡಿದ್ರ ಅದು ಪೆಟಿಗಿಯ ಒಳಗಿಂದ ಗೊಣಗಾಟ. ಆಕಾಶದ್ದು ಬರಬೇಕಂದ್ರ ಆಂಟೆನಾ ಮ್ಯಾಲೇರಬೇಕು," ಅಂದ.

ಓಣಿಯ ಹಿಟ್ಟಿನ ಗಿರಣಿಯವರನ್ನು ನಾವು ಗಿರಣಿ ಮಾವ ಅನ್ನುತ್ತಿದ್ದೆವು. ಅವರು ಬಾಗಿಲಲ್ಲೇ ನಿಂತು ನಕ್ಕರು. "ಮಾಸ್ತರ, ಬರೇ ಇರಿವಿ ಹರಿದಾಡೋದು ನೋಡಾಕ ಟೀವಿ ತಂದೀರೇನ್ರಿ? ನಮ್ಮ ಹಿಟ್ಟಿನ ಡಬ್ಬಿ ಮುಚ್ಚಳ ತಗದ್ರ ಪುಕ್ಸಟ್ಟೆ ತೋರಿಸ್ತಿದ್ನಲ್ಲ!"

"ನಿಮಗ ಸಿನಿಮಾ ಬರ್ತೈತಿ ಮಾವ. ಸಿನಿಮಾ ಮುಗದ ಮ್ಯಾಲ ನಮ್ಮವ್ವಗ ಇರಿವಿ."

"ಹಂಗಂದ್ರ ಆತು. ಪೈಪು ನಾ ಕೊಡ್ತೀನಿ. ಎತ್ತರಕ್ಕ ಏರ್ಸೋಣು. ಗುಡ್ಡ ಅಡ್ಡ ಐತಿ, ಬಳ್ಳಾರಿ ಟೀವಿ ಟವರು ಕಾಣಬೇಕಲ್ಲ."

ಬೋರಿನಿಂದ ತೆಗೆದಿಟ್ಟಿದ್ದ ಕಬ್ಬಿಣದ ಪೈಪು ಅದು.

ನಮ್ಮ ಓಣಿಯಲ್ಲಿ ಕರೆಂಟು ಇದೆಯೋ ಇಲ್ಲವೋ ಎಂದು ಸ್ವಿಚ್ಚು ಹಾಕಿ ನೋಡುವವರು ಯಾರೂ ಇರಲಿಲ್ಲ. ಗಿರಣಿಯ ಸದ್ದು ಕೇಳಿದರೆ ಇದೆ, ಕೇಳದಿದ್ದರೆ ಇಲ್ಲ. ಗಿರಣಿ ನಿಂತಿತೆಂದರೆ ತಂತಿ ಸತ್ತಿತು ಎಂದೇ ಲೆಕ್ಕ. ಹುಡುಗರು ಕೋಲು ತಂದು ತಂತಿಗೆ ಸಿಕ್ಕ ಗಾಳಿಪಟ ಬಿಡಿಸುತ್ತಿದ್ದರು, ಮನೆಯವರು ತಂತಿಗೆ ತಾಗುವ ಬೇವಿನ ಕೊಂಬೆ ಕಡಿಯುತ್ತಿದ್ದರು. ನಾವೆಲ್ಲ ಹಾಗೇ ಬೆಳೆದವರು. ಆದರೆ ಆ ವರ್ಷ ಹೊಲಗಳ ಪಂಪುಸೆಟ್ಟಿಗೆಂದು ಬೇರೊಂದು ದೊಡ್ಡ ಲೈನು ಎಳೆದಿದ್ದರು. ಅದು ಊರ ಅಂಚಿನಲ್ಲಿ, ನಮ್ಮ ಮಾಳಿಗೆಯ ಪಕ್ಕದಲ್ಲೇ ಹಾದುಹೋಗಿತ್ತು. ಊರಿಗೆ ಕರೆಂಟು ತೆಗೆದ ಹೊತ್ತಿನಲ್ಲೇ ಹೊಲಗಳಿಗೆ ಬಿಡುತ್ತಿದ್ದರು. ಆ ತಂತಿಗೂ ನಮ್ಮ ಗಿರಣಿಗೂ ಯಾವ ಸಂಬಂಧವೂ ಇರಲಿಲ್ಲ. ಇದು ನಮಗೆಲ್ಲರಿಗೂ ಗೊತ್ತಿತ್ತು ಅನ್ನಬೇಕೋ ಗೊತ್ತಿರಲಿಲ್ಲ ಅನ್ನಬೇಕೋ, ಇಂದಿಗೂ ನನಗೆ ತಿಳಿಯದು. ಯಾರಾದರೂ ಕೇಳಿದ್ದರೆ ಹೇಳುತ್ತಿದ್ದೆವು. ಯಾರೂ ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ. ಮಾಳಿಗೆಯ ಮೇಲೆ ನಾವು ಮೂವರು. ಪೈಪಿನ ತುದಿಗೆ ಆಂಟೆನಾ ಕಟ್ಟಿ, ಮೇಲೆ ಎರಡು ಸೆಣಬಿನ ಹಗ್ಗ ಬಿಗಿದಿದ್ದೆವು. ಒಂದು ನನ್ನ ಕೈಯಲ್ಲಿ, ಇನ್ನೊಂದು ಗಿರಣಿ ಮಾವನ ಕೈಯಲ್ಲಿ. ನಡುವೆ ಪೈಪು ಹಿಡಿದು ಅಣ್ಣ, ಬರಿಗಾಲಲ್ಲಿ. ಕೆಳಗೆ ಗಿರಣಿ ಸುಮ್ಮನಿತ್ತು.

"ಕರೆಂಟ್ ಹೋತು. ಈಗ ಎತ್ತಿಬಿಡ್ರಿ," ಅಂದರು ಮಾವ.

ಎತ್ತಿದೆವು. ನೆಟ್ಟಗೆ ನಿಂತಿತು. ಅಣ್ಣ ಬುಡವನ್ನು ಗೋಡೆಯ ಗೂಟಕ್ಕೆ ಕಟ್ಟಲು ಎಡಗೈಯನ್ನು ಪೈಪಿನಿಂದ ತೆಗೆದು ತಂತಿಯ ಸುರುಳಿಗೆ ಚಾಚಿದ. ಆಗ ಗುಡ್ಡದ ಕಡೆಯಿಂದ ಬಿಸಿಗಾಳಿ ಬೀಸಿತು. ಪೈಪಿನ ತುದಿ ನಿಧಾನವಾಗಿ, ಯಾರನ್ನೋ ಬಗ್ಗಿ ಮಾತಾಡಿಸುವಂತೆ, ಆಚೆ ಹೊಲದ ಲೈನಿನ ಕಡೆ ಬಾಗಿತು. ನಾನು ಹಗ್ಗ ಜಗ್ಗಿದೆ. ಜಗ್ಗಿದ್ದು ಸರಿಯಾಗಿ ನೆನಪಿದೆ. ಹಗ್ಗ ನನ್ನ ಅಂಗೈ ಸುಲಿದ ಗುರುತು ಬಹಳ ದಿನ ಇತ್ತು. ಅಣ್ಣ ತಲೆಯೆತ್ತಿ ನೋಡಿದ. ಅವನ ಮುಖದಲ್ಲಿ ಹೆದರಿಕೆ ಇರಲಿಲ್ಲ. ಲೆಕ್ಕವೊಂದರಲ್ಲಿ ತಪ್ಪು ಕಂಡವನ ಮುಖ.

ಆಮೇಲೆ ಸಿಡಿಲಿನಂಥ ಸದ್ದು, ನೀಲಿ ಬೆಳಕು. ಆ ಬೆಳಕಿನಲ್ಲಿ ಮಾಳಿಗೆಯ ಹುಲ್ಲುಕಡ್ಡಿಯೂ ಕಂಡಿತು. ಅಣ್ಣ ಪೈಪಿನಿಂದ ಸಿಡಿದು ಬಿದ್ದಿದ್ದ. ಕೆಳಗಿಂದ ಅವ್ವ, "ಏನು ಬಿತ್ತೋ?" ಎಂದು ಕೂಗಿದಳು.

ಅಕ್ಕಿ ತುಂಬಿಕೊಂಡು ಬಳ್ಳಾರಿಗೆ ಹೊರಟಿದ್ದ ಲಾರಿಯಲ್ಲಿ ಮೂಟೆಗಳ ಮೇಲೆ ಅವನನ್ನು ಮಲಗಿಸಿ ಕರೆದೊಯ್ದೆವು. ದಾರಿಯಲ್ಲಿ ಅವನಿಗೆ ಎಚ್ಚರವಾಯಿತು. ಮೊದಲು ಕೇಳಿದ್ದು, "ನಿನಗೇನಾಗಿಲ್ಲ ಹೌದಿಲ್ಲ?" ಎಂದು. ನನ್ನ ತೊಡೆಯ ಮೇಲಿದ್ದ ಅವನ ಬಲಗೈಯನ್ನು ನಾನು ಸೆರಗಿನಿಂದ ಮುಚ್ಚಿದ್ದೆ. ಅವನು ನೋಡಬಾರದೆಂದು.

ಜೀವಕ್ಕೆ ಅಪಾಯವಿಲ್ಲ ಎಂದು ಆಸ್ಪತ್ರೆಯಲ್ಲಿ ಮೊದಲು ಹೇಳಿದರು. ಉಳಿದದ್ದು ಕೈ. ದಿನವೂ ಬಟ್ಟೆ ಬಿಚ್ಚಿ ನೋಡುತ್ತಿದ್ದರು. ಕಪ್ಪು ಬಣ್ಣ ಬೆರಳುಗಳಿಂದ ಮಣಿಕಟ್ಟಿಗೆ, ಅಲ್ಲಿಂದ ಮೇಲಕ್ಕೆ ಏರುತ್ತಿತ್ತು. ಅವ್ವ ಪ್ರತಿ ಬೆರಳನ್ನೂ ಹೆಸರು ಹಿಡಿದು ಕೇಳುವಂತೆ ಕೇಳುತ್ತಿದ್ದಳು: ಕಿರುಬೆರಳಾದರೂ ಉಳಿಯುತ್ತದೆಯೇ, ಹೆಬ್ಬೆರಳು? ಡಾಕ್ಟರು ಕೊನೆಗೆ ಅವಳಿಗಲ್ಲ, ಅಣ್ಣನಿಗೇ ಹೇಳಿದರು. ಮೊಣಕೈ ಕೆಳಗೆ ತೆಗೆಯಬೇಕು, ಇಲ್ಲದಿದ್ದರೆ ನಂಜು ಮೈಗೆಲ್ಲ ಏರುತ್ತದೆ. ಅಣ್ಣ ಗೋಡೆಯ ಕಡೆ ತಿರುಗಿದ. ಆಮೇಲೆ, "ತಗೀರಿ ಸಾರ್," ಅಂದ.

ತೆಗೆದ ಮೇಲೆ ಆಳೊಬ್ಬ ಬಿಳಿ ಬಟ್ಟೆಯ ಗಂಟು ತಂದು ನನ್ನ ಮುಂದೆ ಹಿಡಿದ. "ಇದನ್ನ ಮನಿಯವ್ರ ಒಯ್ಯಬೇಕವ್ವ. ಮಣ್ಣು ಮಾಡ್ತೀರೋ ಏನೋ, ನಿಮ್ಮ ಪದ್ಧತಿ."

ಅವ್ವ ಗಂಟನ್ನು ಮುಟ್ಟದೆ ಹೇಳಿದಳು: "ಊರಿಗೆ ಒಯ್ಯಿರಿ. ಅವರಪ್ಪನ ಹತ್ರ ಇಡ್ರಿ. ನಾ ಬರೂಮಟ ತಡೀರಿ." ಅಣ್ಣನ ಬಳಿ ಅವನ ಕಾಲೇಜಿನವರನ್ನು ಕೂರಿಸಿ ಮುಂದಿನ ಬಸ್ಸಿಗೆ ಬರುವುದಾಗಿ ಅಂದಳು.

ಗಿರಣಿ ಮಾವ ಮತ್ತು ನಾನು ಕುರುಗೋಡಿನ ಬಸ್ಸು ಹತ್ತಿದೆವು. ಗಂಟನ್ನು ಬಟ್ಟೆಯ ಚೀಲದಲ್ಲಿಟ್ಟು ಬೇವಿನ ಸೊಪ್ಪು ಮುಚ್ಚಿದ್ದೆ. ಕಂಡಕ್ಟರು ಚೀಲ ಕೆಳಗಿಡು ಅಂದ, ಇಡಲಿಲ್ಲ. ಅದು ನಾನು ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು. ಪಕ್ಕದಲ್ಲಿ ಕುಳಿತ ಹೆಂಗಸು ಬಗ್ಗಿ ನೋಡಿ, "ಬೇವಿನ ಸೊಪ್ಪು ಎಲ್ಲಿಗೆ ಒಯ್ತೀ ತಂಗಿ? ಮನಿಯಾಗ ಯಾರಿಗರ ಅಮ್ಮ ಆಗೈತೇನು?" ಎಂದು ಕೇಳಿದಳು.

"ಇಲ್ರಿ. ನಮ್ಮಣ್ಣಂದು ಐತ್ರಿ," ಅಂದೆ. ಅವಳಿಗೆ ಏನು ಅರ್ಥವಾಯಿತೋ, ಮುಂದೆ ಕೇಳಲಿಲ್ಲ. ಗಿರಣಿ ಮಾವ ಇಡೀ ದಾರಿ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡಿದ್ದರು.

ಹೊಲದಲ್ಲಿ, ಅಪ್ಪನ ಸಮಾಧಿಯ ಪಕ್ಕದಲ್ಲಿ, ಚಿಕ್ಕ ಗುಂಡಿ ತೋಡಿದರು. ಮಠದ ಅಯ್ಯನವರು ಬಂದರು, ವಯಸ್ಸಾದವರು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತಾರೆ. ಅಯ್ಯನವರು ಗಂಟನ್ನೂ ಗುಂಡಿಯನ್ನೂ ನೋಡಿ ತಡವರಿಸಿದರು.

"ನಾ ಇಂಥದ್ದು ಮಾಡಿಲ್ಲಪಾ. ಆಳು ಬದುಕ್ಯಾನ. ಬದುಕಿದವಗ ಮಂತ್ರ ಹೇಳಬಾರ್ದು. ಹೇಳದ ಹ್ಯಾಂಗ ಮುಚ್ಚಲಿ?"

"ಮಂತ್ರ ಬಿಡ್ರಿ ಅಯ್ಯಾರ, ಕೈನ ಹ್ಯಾಂಗ ಕುಂದ್ರಸಬೇಕು, ಅದ ಹೇಳ್ರಿ," ಅಂದರು ಗಿರಣಿ ಮಾವ. ಅಂದವರೇ ಬಿಕ್ಕಿದರು.

ಅಷ್ಟರಲ್ಲಿ ಬಂದು ನಿಂತಿದ್ದ ಅವ್ವ ಕೆಳಗೆ ಕುಳಿತು ಗಂಟು ಬಿಚ್ಚಿದಳು. ನಾನು ಆಚೆ ನೋಡಿದೆ. "ಅಂಗೈ ಮ್ಯಾಲ ಮಾಡಿ ಇಡ್ರಿ," ಎಂದಷ್ಟೇ ಕೇಳಿಸಿತು. ಅವಳೇ ವಿಭೂತಿ ಹಚ್ಚಿದಳು. ಅಯ್ಯನವರು ಮಂತ್ರ ಹೇಳಲಿಲ್ಲ. ಮೊದಲ ಹಿಡಿ ಮಣ್ಣು ಹಾಕಿದರು.

ಅಣ್ಣ ಮನೆಗೆ ಬಂದ. ಟೀವಿಯನ್ನು ಅಂಗಡಿಯವನು ವಾಪಸು ಒಯ್ದಿದ್ದ. ಅವ್ವ ಅದರಲ್ಲಿ ಒಂದು ಚುಕ್ಕಿಯನ್ನೂ ನೋಡಲಿಲ್ಲ. ಹೆಣ್ಣು ನೋಡುವ ಮಾತು ತಾನಾಗಿ ನಿಂತಿತು. ಗಾಯ ಮಾಯುತ್ತಿದ್ದಂತೆ ಬೇರೊಂದು ಕಾಟ ಶುರುವಾಯಿತು. ಇಲ್ಲದ ಕೈ ಉರಿಯುತ್ತಿತ್ತು. ಮುಷ್ಟಿ ಬಿಗಿದುಕೊಂಡಿದೆ, ಉಗುರು ಅಂಗೈಗೆ ಇಳಿಯುತ್ತಿದೆ, ಬಿಚ್ಚಲು ಬರುತ್ತಿಲ್ಲ ಎನ್ನುತ್ತಿದ್ದ. ಹಾಗಾಗುವುದುಂಟು ಎಂದು ಡಾಕ್ಟರೂ ಹೇಳಿದ್ದರು.

ಒಂದು ಮಧ್ಯಾಹ್ನ ಅವನ ಸಂಕಟ ನೋಡಲಾರದೆ, ಅವನಿಗೆ ಪ್ರಿಯವಾದ ಮಾತಿನಿಂದಲೇ ಸಮಾಧಾನ ಮಾಡಲು ಹೊರಟೆ.

"ಯಣ್ಣಾ, ನಿನ್ನ ಹಳೇ ಬೆಳಕಿನ ಹಂಗ ಇದೂ. ಉರಿಯೋ ಬೆಂಕಿ ಈಗಿಲ್ಲ, ಅದರ ಕಾವು ಇನ್ನೂ ಬರಾಕ ಹತ್ತೈತಿ."

ಅವನು ನನ್ನನ್ನೇ ನೋಡಿದ. ಅಂಥ ಸಿಟ್ಟನ್ನು ಅವನ ಮುಖದಲ್ಲಿ ನಾನು ಕಂಡಿರಲಿಲ್ಲ.

"ಅದಕ್ಕೂ ಇದಕ್ಕೂ ಗಂಟು ಹಾಕಬ್ಯಾಡ. ಅದು ಹೊರಗೈತಿ. ನೀನೂ ಅಳೀಬೌದು, ಇನ್ನೊಬ್ಬನೂ ಅಳೀಬೌದು, ಇಬ್ಬರಿಗೂ ಒಂದೇ ಬರ್ತೈತಿ. ಇದನ್ನ ಯಾರು ಅಳೀತಾರ? ಡಾಕ್ಟರ ಅಳೀತಾನೇನು? ನೀ ಅಳೀತೀಯೇನು? ಇದು ನನಗಷ್ಟ ಐತಿ." ದನಿ ತಗ್ಗಿಸಿ ಅಂದ: "ಅದು ತಣ್ಣಗಾಕ್ಕೋತ ಹೋಗ್ತೈತಿ. ಇದು ಆಗವಲ್ದು."

ನಾನು ಮತ್ತೆ ಆ ಹೋಲಿಕೆಯನ್ನು ಯಾರ ಮುಂದೆಯೂ ಮಾಡಲಿಲ್ಲ. ತರಗತಿಯಲ್ಲೂ ಇಲ್ಲ.

ಅವನು ಕಾಲೇಜಿಗೆ ಮರಳಿದ. ಎಡಗೈಯಲ್ಲಿ ಬರೆಯಲು ಕಲಿತ. ಅಕ್ಷರಗಳು ಒಂದರ ಮೇಲೊಂದು ಬೀಳುತ್ತಿದ್ದವು. ಪ್ರಯೋಗಶಾಲೆಯನ್ನು ಬೇರೆಯವರಿಗೆ ಕೊಟ್ಟರು. ತಗಡಿನ ಕಹಳೆ ತಾರಸಿಯ ಮೇಲೆ ಎರಡು ಮಳೆಗಾಲ ನೆನೆದು ತುಕ್ಕು ಹಿಡಿಯಿತು. ಪಾಠ ಮಾತ್ರ ಬಿಡಲಿಲ್ಲ. ಹಳೇ ಬೆಳಕಿನ ವಿಷಯ ಬಂದ ದಿನ ತಪ್ಪಿಲ್ಲದೆ, ಕ್ರಮವಾಗಿ, ಕಡಿಮೆ ಮಾತಿನಲ್ಲಿ ಹೇಳುತ್ತಿದ್ದನಂತೆ. ಪಾರಿವಾಳದ ಕಥೆ ಹೇಳುತ್ತಿರಲಿಲ್ಲ ಎಂದು ಆಗಿನ ವಿದ್ಯಾರ್ಥಿಯೊಬ್ಬ ನನಗೆ ಹೇಳಿದ.

ಅವನು ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರಗಳ ಒಂದು ಬೆಳಿಗ್ಗೆ ಇನ್ನೂ ಕಣ್ಣಮುಂದಿದೆ. ನಾನು ಸಿರುಗುಪ್ಪದ ಬಸ್ಸಿಗೆ ಹೊರಟು ನಿಂತಿದ್ದೆ. ಅಣ್ಣ ಸ್ನಾನ ಮಾಡಿ ಬಂದು ಪೂಜೆಗೆ ಕುಳಿತಿದ್ದ. ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಬಲಗೈಯಿಂದ ನೀರು, ವಿಭೂತಿ, ಪತ್ರಿ ಏರಿಸುವುದು ನಮ್ಮ ಕ್ರಮ. ಅವನು ಹಬ್ಬಹುಣ್ಣಿಮೆಗಷ್ಟೇ ಮಾಡುತ್ತಿದ್ದವನು. ಅಂದು ಯಾಕೆ ಕುಳಿತನೋ ಗೊತ್ತಿಲ್ಲ. ಅವ್ವನಿಗಾಗಿ ಇರಬೇಕು. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡ. ಮುಂದೆ ಮಾಡುವುದು ತೋಚದೆ ಹಾಗೆಯೇ ಕುಳಿತ.

ಅವ್ವ ಒಲೆಯ ಮುಂದಿನಿಂದ ಎದ್ದು ಬಂದು ಅವನ ಬಲಕ್ಕೆ, ಭುಜಕ್ಕೆ ಭುಜ ತಾಗಿಸಿ ಕುಳಿತಳು. ತನ್ನ ಬಲಗೈಯಿಂದ ನೀರು ಹನಿಸಿದಳು. ವಿಭೂತಿ ಹಚ್ಚಿದಳು. ಒಂದು ಪತ್ರಿ ಇಟ್ಟಳು. ಕಣ್ಣು ಮುಚ್ಚಿದ್ದ ಅಣ್ಣ ಹಲ್ಲು ಕಚ್ಚಿದ್ದು ನನಗೆ ಬಾಗಿಲಿನಿಂದ ಕಾಣುತ್ತಿತ್ತು.

"ಈಗೂ ಉರೀತೈತೇನು?" ಅಂದಳು ಅವ್ವ.

"ಹೂಂ."

"ಎಲ್ಲಿ, ಹೇಳು."

ಅವನು ಕಣ್ಣು ತೆರೆಯದೆ ಗದ್ದದಿಂದ ತೋರಿಸಿದ. ತೊಡೆಯ ಮುಂದೆ, ನೆಲಕ್ಕಿಂತ ಗೇಣು ಮೇಲೆ, ಏನೂ ಇಲ್ಲದ ಜಾಗ. ಅವ್ವ ತಂಬಿಗೆ ಎತ್ತಿ ಅಲ್ಲಿ, ಅಷ್ಟೇ ಎತ್ತರದಿಂದ, ನಿಧಾನವಾಗಿ ನೀರು ಬಿಟ್ಟಳು. ನೀರು ನೆಲದ ಕಲ್ಲಿಗೆ ಬಿದ್ದು ಅವನ ಪಾದದವರೆಗೆ ಹರಿಯಿತು. ತಂಬಿಗೆ ಬರಿದಾಯಿತು.

"ಆರಿತೇನಪಾ?"

ಹೌದು ಅಂದುಬಿಡಲಿ ಎಂದು ನಾನು ಬಾಗಿಲು ಹಿಡಿದು ನಿಂತಿದ್ದೆ. ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

"ಇಲ್ಲವ್ವ."

ಅವ್ವ ಮೊಣಕಾಲಿಗೆ ಕೈಕೊಟ್ಟು ಎದ್ದು, ಇನ್ನೊಂದು ತಂಬಿಗೆ ನೀರು ತರಲು ಒಳಗೆ ಹೋದಳು.